ಸಿಡ್ನಿಯಲ್ಲಿ ಬಾಡಿಗೆ ಮನೆ: ಹಳೇ ಮನೆಯವರು ಏನಂತಾರೆ?

ಬಳ್ಳಾರಿ ಗಾಂಧಿನಗರದ ನಮ್ಮ ಮನೆಯ ಮಹಡಿಯಲ್ಲಿ ಒಬ್ಬರು ಬಾಡಿಗೆಗಿದ್ದರು. ಮೂರು ತಿಂಗಳ ಬಾಡಿಗೆ ಬಾಕಿ. ಒಂದಿನ ಅವರಿಗೆ ಮನೆ ಕೊಡಬೇಕೆಂದಿದ್ದ ಹೊಸ ಓನರ್ ಬಂದು, "ಮಂದಿ ಹೆಂಗದಾರ್ರೀ?" ಅಂತ ಅಪ್ಪನನ್ನು ಕೇಳಿದರು. "ಬಂಗಾರದಂಥ ಮಂದಿ" ಅಂದುಬಿಟ್ಟರು ಅಪ್ಪ. ನಿಜ ಹೇಳಿದರೆ ಅವರು ಖಾಲಿ ಮಾಡೋದೇ ಇಲ್ಲ, ಅಲ್ವಾ?

ಸಿಡ್ನಿಗೆ ಹೊರಡುವ ನಮ್ಮ ಕಡೆಯ ಹುಡುಗರಿಗೆ ಮೊದಲು ಈ ಕಥೆಯನ್ನೇ ಹೇಳುತ್ತೇನೆ. ಅಲ್ಲಿ ಬಾಯಿ ಮಾತಿಗಿಂತ ಕಾಗದದ ಮಾತು ಜಾಸ್ತಿ. ಮನೆ ಕೊಡುವುದು ಹೆಚ್ಚಾಗಿ ಏಜೆಂಟರು. ಅವರು ನಿಮ್ಮ ಹಳೇ ಏಜೆಂಟರನ್ನು ವಿಚಾರಿಸುತ್ತಾರೆ, ರೆಂಟ್ ಲೆಡ್ಜರ್ ಕೇಳುತ್ತಾರೆ. ಯಾವ ತಾರೀಖು ಎಷ್ಟು ಕಟ್ಟಿದಿರಿ, ಎಷ್ಟು ದಿನ ತಡ ಮಾಡಿದಿರಿ, ಎಲ್ಲಾ ಅದರಲ್ಲಿ ಸಾಲಾಗಿ ಇರುತ್ತದೆ. "ಇವರಿಗೆ ಮತ್ತೆ ಮನೆ ಕೊಡ್ತೀರಾ?" ಅನ್ನೋ ಪ್ರಶ್ನೆ ಮಾತ್ರ ತಪ್ಪದೇ ಬರುತ್ತದೆ.

ಇದಲ್ಲದೆ ಟೆನೆನ್ಸಿ ಡೇಟಾಬೇಸ್ ಅಂತ ಇದೆ, ಕರಾರು ಮುರಿದ ಬಾಡಿಗೆದಾರರ ಪಟ್ಟಿ. ನಮ್ಮವರು ಬ್ಲ್ಯಾಕ್‌ಲಿಸ್ಟ್ ಅಂತಾರೆ. ಹೆಸರು ಕೇಳಿಯೇ ಹೆದರಬೇಡಿ, ಓನರ್‌ಗೆ ಸಿಟ್ಟು ಬಂತು ಅಂತ ಸುಮ್ನೆ ಹೆಸರು ಸೇರಿಸೋಕೆ ಆಗಲ್ಲ. ಸಿಡ್ನಿ ಇರುವ ರಾಜ್ಯ ನ್ಯೂ ಸೌತ್ ವೇಲ್ಸ್‌ನ 2010ರ ಬಾಡಿಗೆ ಕಾಯ್ದೆ ಪ್ರಕಾರ ಬಾಡಿಗೆ ಕರಾರು ಮುಗಿದಿರಬೇಕು, ಕರಾರಿನಲ್ಲಿ ನಿಮ್ಮ ಹೆಸರಿರಬೇಕು, ನೀವು ಕರಾರು ಮುರಿದಿರಬೇಕು. ಅದರಿಂದ ಬಾಕಿ ಹಣ ನೀವು ಮೊದಲೇ ಕಟ್ಟಿದ ಅಡ್ವಾನ್ಸ್, ಅಂದರೆ ಬಾಂಡ್‌ಗಿಂತ ಹೆಚ್ಚಾಗಿರಬೇಕು, ಇಲ್ಲವೇ ಬಾಡಿಗೆ ಜಗಳ ತೀರ್ಮಾನಿಸುವ ಟ್ರಿಬ್ಯೂನಲ್ ಕರಾರು ರದ್ದು ಮಾಡಿರಬೇಕು. ಸೇರಿಸೋ ಮುಂಚೆ ನಿಮಗೆ ತಿಳಿಸಿ, ಆಕ್ಷೇಪಣೆಗೆ 14 ದಿನ ಕೊಡಬೇಕು. ಹೆಸರು 3 ವರ್ಷಕ್ಕಿಂತ ಜಾಸ್ತಿ ಉಳಿಯುವ ಹಾಗಿಲ್ಲ. ಹೊಸ ಮನೆಗೆ ಅರ್ಜಿ ಹಾಕಿದಾಗ ಏಜೆಂಟ್‌ಗೆ ನಿಮ್ಮ ಹೆಸರು ಅಲ್ಲಿ ಕಂಡರೆ, 7 ದಿನದೊಳಗೆ ಅವರು ನಿಮಗೆ ಬರೆದು ತಿಳಿಸಬೇಕು. ತಪ್ಪಾಗಿ ಸೇರಿಸಿದ್ದರೆ ಟ್ರಿಬ್ಯೂನಲ್‌ಗೆ ಹೋಗಿ.

ನಮ್ಮವರು ಎಡವುವುದು ಬೇರೆ ಕಡೆ. ಮೂವರು ಒಂದು ಮನೆ ಹಿಡಿಯುತ್ತಾರೆ, ಕರಾರಿನಲ್ಲಿ ಒಬ್ಬನದೇ ಹೆಸರು. "ನಮ್ಮ ರಾಯಚೂರಿನವನೇ, ಏನಾಗುತ್ತೆ" ಅಂತ ಇನ್ನೊಬ್ಬನನ್ನು ಸೇರಿಸಿಕೊಳ್ಳುತ್ತಾರೆ. ಅವನು ದುಡ್ಡು ಕೊಡದೆ ಹೋದರೆ ತಲೆ ಮೇಲೆ ಬರುವುದು ಹೆಸರಿದ್ದವನಿಗೆ. ಎಲ್ಲಾ ಸರಿಯಾಗಿ ಕಟ್ಟಿದ ಉಳಿದವರಿಗೂ ಲಾಭವಿಲ್ಲ. ಎರಡು ವರ್ಷ ಇದ್ದರೂ ಲೆಡ್ಜರ್‌ನಲ್ಲಿ ಅವರ ಹೆಸರೇ ಇಲ್ಲ! ಓನರ್ ಒಪ್ಪಿಗೆ ಪಡೆದು ಎಲ್ಲರ ಹೆಸರನ್ನೂ ಕರಾರಿಗೆ ಹಾಕಿಸಿ.

ಹೊಸದಾಗಿ ಹೋದವರಿಗೆ ಹಳೇ ದಾಖಲೆ ಎಲ್ಲಿಂದ ಬರಬೇಕು? ಕೆಲಸದ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಬಳ್ಳಾರಿ ಅಥವಾ ಬೆಂಗಳೂರಿನ ಮನೆ ಓನರ್ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಅದನ್ನೂ ಸೇರಿಸಿ, ನಷ್ಟವೇನಿಲ್ಲ. ಬಾಂಡ್ 4 ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ಹಬ್ಬ.

ಕರಾರಿಗೆ ಸಹಿ ಹಾಕುವ ಹೊತ್ತಿಗೆ ಕಂಡಿಷನ್ ರಿಪೋರ್ಟ್, ಅಂದರೆ ಮನೆ ಯಾವ ಸ್ಥಿತಿಯಲ್ಲಿದೆ ಅನ್ನೋ ಪಟ್ಟಿ, ಕೊಡುತ್ತಾರೆ. ಮನೆಯೊಳಗೆ ಕಾಲಿಟ್ಟ 7 ದಿನದೊಳಗೆ ತುಂಬಿ ವಾಪಸ್ ಕೊಡಬೇಕು. ನಾನು ಮೊದಲ ಮನೆಯಲ್ಲಿ ಒಲೆ ಹಿಂದಿನ ಟೈಲ್ಸ್‌ನ ಬಿರುಕು, ಸಿಂಕ್ ಕೆಳಗಿನ ಬೂಸ್ಟು, ಎಲ್ಲದರ ಫೋಟೋ ತೆಗೆದು ಬರೆದಿದ್ದೆ. ಖಾಲಿ ಮಾಡುವಾಗ ಏಜೆಂಟ್ ಅದೇ ಬಿರುಕಿಗೆ ದುಡ್ಡು ಕೇಳಿದರು. ಫೋಟೋ ಕಳಿಸಿದೆ, ಸುಮ್ಮನಾದರು. ಆದರೆ ಅಡುಗೆ ಕಟ್ಟೆ ಮೇಲೆ ಅಂಗೈಯಗಲದ ಅರಿಶಿನದ ಕಲೆ ನನ್ನದೇ. ಭಾನುವಾರ ಒಗ್ಗರಣೆ ಮಂಡಾಳು ಮಾಡುವಾಗ ಡಬ್ಬಿ ಉರುಳಿ ಬಿದ್ದಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅದಕ್ಕೆ ದುಡ್ಡು ಕಟ್ಟಿದೆ.

ಮುಂದಿನ ಮನೆಯವರಿಗೆ ಈ ಏಜೆಂಟ್ ಕಳಿಸಿದ ಪತ್ರದಲ್ಲಿ ಆ ಕಲೆಯ ವಿಷಯವೂ ಇತ್ತು. ದುಡ್ಡು ಕಟ್ಟಿದ್ದೂ ಇತ್ತು. ಮನೆ ಸಿಕ್ಕಿತು.