ಮಂಡಿಯ ಹಳೇ ಲೆಕ್ಕದ ಫೈಲು ಮತ್ತೆ ತೆರೆದದ್ದು ಹೀಗೆ

ಪುನರ್ವಸು ಮಳೆ ಹಿಡಿದಿತ್ತು. ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯಿಂದ ಬೆಳಿಗ್ಗೆ ಏಳಕ್ಕೇ ಫೋನ್ ಬಂತು. ಹಳೇ ಕಂಪ್ಯೂಟರ್ ಕೆಟ್ಟು ಹೊಸದು ತಂದಿದ್ದರು. ಹಳೇ ಹಾರ್ಡ್‌ಡಿಸ್ಕಿನಿಂದ ಲೆಕ್ಕದ ಎರಡು ಆಕ್ಸೆಸ್ ಫೈಲುಗಳನ್ನು ಅದಕ್ಕೆ ಹಾಕಿದ್ದರು. ಆಕ್ಸೆಸ್ ಅಂದರೆ ಮಾಹಿತಿಯನ್ನು ಪಟ್ಟಿಗಳಾಗಿ (ಟೇಬಲ್) ಇಡುವ ಮೈಕ್ರೋಸಾಫ್ಟ್ ಪ್ರೋಗ್ರಾಂ. ಒಂದು ತೆರೆಯುವುದೇ ಇಲ್ಲ. ಇನ್ನೊಂದು ತೆರೆದುಕೊಂಡು, ಮೊದಲ ಪುಟ ಕಣ್ಣಿಗೆ ಕಂಡ ಕೂಡಲೇ ಪ್ರೋಗ್ರಾಮೇ ಮುಚ್ಚಿಹೋಗುತ್ತದೆ. ಕೊಳೆ ಔಷಧಿ ಹೊಡೆಸುವ ಕಾಲ ಅದು. ಬೆಳೆಗಾರರು ಮುಂಗಡ ಕೇಳಿಕೊಂಡು ಬಂದು ಕೂತಿರುತ್ತಾರೆ. ಯಾರ ಖಾತೆಯಲ್ಲಿ ಎಷ್ಟು ಬಾಕಿ ಅಂತ ನೋಡದೆ ಯಜಮಾನರು ಕೊಡುವುದಾದರೂ ಹೇಗೆ?

ಶಿವಮೊಗ್ಗದಿಂದ ಹೊರಡುವ ಮೊದಲು ಫೋನಿನಲ್ಲಿ ಒಂದೇ ಮಾತು ಹೇಳಿದೆ. "ಅಣ್ಣಾ, ನಾನು ಬರೋ ತನಕ ಆ ಫೈಲನ್ನ ಯಾರೂ ಮುಟ್ಟಬೇಡಿ. ರಿಪೇರ್ ಅಂತ ಏನಾದ್ರೂ ಕೇಳಿದ್ರೆ ಒತ್ತಬೇಡಿ."

ಇದು ನಾನು ನಷ್ಟ ಮಾಡಿಕೊಂಡು ಕಲಿತ ಪಾಠ. ಕೆಲವು ವರ್ಷದ ಹಿಂದೆ ಇನ್ನೊಂದು ಕಡೆ ಮೂಲ ಫೈಲಿನ ಮೇಲೇ ಆಕ್ಸೆಸ್‌ನ ರಿಪೇರಿ ಸೌಲಭ್ಯ 'ಕಾಂಪ್ಯಾಕ್ಟ್ ಅಂಡ್ ರಿಪೇರ್' ಓಡಿಸಿದ್ದೆ. ಅದು ಫೈಲನ್ನು ಸರಿ ಮಾಡಿತು. ಆದರೆ ಓದಲಾಗದ ಸಾಲುಗಳನ್ನು ಕಿತ್ತು ಹಾಕಿತ್ತು. ಕಾಪಿ ಇಟ್ಟುಕೊಂಡಿರಲಿಲ್ಲ. ಆ ಸಾಲುಗಳು ಮತ್ತೆ ಸಿಗಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಮಂಡಗದ್ದೆ ದಾಟಿ ತೀರ್ಥಹಳ್ಳಿ ಸೇರುವಾಗ ಹತ್ತಾಗಿತ್ತು. ಎರಡೂ ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿದೆ, ಅಲ್ಲಿಂದ ನನ್ನ ಲ್ಯಾಪ್‌ಟಾಪಿಗೆ. ಮೂಲವನ್ನು ಆಮೇಲೆ ಮುಟ್ಟಲಿಲ್ಲ. ಫೋಲ್ಡರಿನಲ್ಲಿ ಎಲ್‌ಡಿಬಿ ಅಂತ ಒಂದು ಪುಟಾಣಿ ಫೈಲೂ ಇತ್ತು. ಫೈಲನ್ನು ಯಾರೋ ತೆರೆದಿದ್ದಾರೆ ಅನ್ನುವ ಗುರುತು ಅದು. ಕರೆಂಟ್ ಹೋಗಿ ಮೆಷಿನ್ ಆಫ್ ಆದರೆ ಹಾಗೇ ಉಳಿದುಬಿಡುತ್ತದೆ. ಅದನ್ನು ಕಾಪಿ ಮಾಡಲಿಲ್ಲ.

ಎರಡೂ ಕಾಪಿಗಳನ್ನು ಹೆಕ್ಸ್ ವ್ಯೂವರಿನಲ್ಲಿ, ಅಂದರೆ ಫೈಲಿನ ಒಂದೊಂದು ಬೈಟನ್ನೂ ಇದ್ದ ಹಾಗೇ ತೋರಿಸುವ ಪ್ರೋಗ್ರಾಮಿನಲ್ಲಿ, ನೋಡಿದೆ. ಶುರುವಿನಲ್ಲೇ 'ಸ್ಟ್ಯಾಂಡರ್ಡ್ ಜೆಟ್ ಡಿಬಿ' ಅನ್ನುವ ಅಕ್ಷರಗಳು ಕಂಡವು. ಜೆಟ್ ಅಂದರೆ ಆಕ್ಸೆಸ್ ಒಳಗೆ ಡೇಟಾ ಇಡುವ ಎಂಜಿನ್. ಅಂದರೆ ಫೈಲಿನ ತಲೆಭಾಗ ನೆಟ್ಟಗಿದೆ. ಇಪ್ಪತ್ತೊಂದನೇ ಬೈಟ್ ಒಂದರಲ್ಲಿ 0 ಇತ್ತು, ಇನ್ನೊಂದರಲ್ಲಿ 1. ಸೊನ್ನೆ ಇದ್ದರೆ ಜೆಟ್ 3, ಅದು ಆಕ್ಸೆಸ್ 97ರ ಫೈಲು. ಒಂದು ಇದ್ದರೆ ಜೆಟ್ 4, 2000ದಿಂದ 2003ರವರೆಗಿನದು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಆಕ್ಸೆಸ್ 97ರ ಫೈಲನ್ನು ತೆರೆಯುವ ಕೊನೆಯ ಆವೃತ್ತಿ 2010. 2013ರಿಂದ ಈಚೆಗಿನವು ಅದನ್ನು ತೆರೆಯುವುದಿಲ್ಲ. ಇವರ ಹೊಸ ಮೆಷಿನ್ನಿನಲ್ಲಿದ್ದದ್ದು 2019, ಅದೂ 64 ಬಿಟ್. ಎರಡು ಫೈಲಿಗೂ ಬೇರೆ ಬೇರೆ ಕಾಯಿಲೆ. ಒಂದೇ ಮದ್ದು ಹುಡುಕಿದ್ದರೆ ದಿನವೆಲ್ಲ ಸುಮ್ನೆ ಹೋಗುತ್ತಿತ್ತು.

"ಇಷ್ಟು ವರ್ಷದ ಲೆಕ್ಕ ಹೋಯ್ತಾ ಮಾರಾಯಾ?" ಅಂದರು ಯಜಮಾನರು.

"ಹೋಗಿಲ್ಲ ಅಣ್ಣಾ. ಬಾಗಿಲ ಚಿಲಕ ಕೆಟ್ಟಿದೆ ಅಷ್ಟೆ. ಒಳಗಿನ ಸಾಮಾನು ಇದೆ."

ಮುಂಗಡಕ್ಕೆ ಬೇಕಾದದ್ದು ಎರಡನೇ ಫೈಲು. ಅದನ್ನೇ ಮೊದಲು ಹಿಡಿದೆ. ಶಿಫ್ಟ್ ಕೀ ಒತ್ತಿ ಹಿಡಿದು ಕಾಪಿಯನ್ನು ತೆರೆದೆ. ಹೀಗೆ ಮಾಡಿದರೆ ಶುರುವಿನ ಫಾರ್ಮ್ (ಲೆಕ್ಕ ತುಂಬುವ ಪುಟ) ಆಗಲಿ, ತಾನಾಗಿ ಓಡುವ ಮ್ಯಾಕ್ರೋ ಆಗಲಿ ಓಡುವುದಿಲ್ಲ. ಪ್ರೋಗ್ರಾಂ ಮುಚ್ಚಲಿಲ್ಲ. ಟೇಬಲ್‌ಗಳು ಒಂದೊಂದಾಗಿ ತೆರೆದವು. ಬಾಕಿ ಪಟ್ಟಿಯನ್ನು ಆಗಲೇ ಎಕ್ಸೆಲ್‌ಗೆ ತೆಗೆದು ಪ್ರಿಂಟ್ ಕೊಟ್ಟೆ. ಹೊರಗೆ ಕೂತವರಿಗೆ ದುಡ್ಡು ಕೊಡುವುದು ಶುರುವಾಯಿತು.

ಇನ್ನು ಫಾರ್ಮ್ ತೆರೆದರೆ ಪ್ರೋಗ್ರಾಂ ಯಾಕೆ ಬೀಳುತ್ತದೆ (ಮುಚ್ಚಿಹೋಗುತ್ತದೆ) ಅಂತ ನೋಡಬೇಕಿತ್ತು. ವಿಂಡೋಸಿನ ಇವೆಂಟ್ ವ್ಯೂವರಿನಲ್ಲಿ ಅಪ್ಲಿಕೇಶನ್ ಲಾಗ್ ತೆರೆದೆ. ಬಿದ್ದ ಪ್ರತಿ ಸಲವೂ ದಾಖಲಾಗಿತ್ತು. 'ಫಾಲ್ಟಿಂಗ್ ಮಾಡ್ಯೂಲ್' ಎದುರಿಗೆ ವಿಬಿಇ7.ಡಿಎಲ್ಎಲ್ ಅಂತ ಇತ್ತು. ಅದು ವಿಬಿಎ ಕೋಡನ್ನು, ಅಂದರೆ ಆಕ್ಸೆಸ್ ಒಳಗೆ ಬರೆದ ಪ್ರೋಗ್ರಾಮನ್ನು, ಓಡಿಸುವ ಭಾಗ. ಹಾಗಾಗಿ ಅನುಮಾನ ಕೋಡಿನ ಮೇಲೇ ಹೋಯಿತು. ಈ ಲಾಗನ್ನು ಬಹಳ ಜನ ನೋಡುವುದೇ ಇಲ್ಲ. ದಯವಿಟ್ಟು ನೋಡಿ, ಊಹೆ ಮಾಡುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ.

ಆಕ್ಸೆಸ್ ಫೈಲಿನಲ್ಲಿ ನಾವು ಬರೆದ ಕೋಡಿನ ಜೊತೆಗೆ, ಅದನ್ನು ಹಿಂದೆ ಕಂಪೈಲ್ ಮಾಡಿದ, ಅಂದರೆ ಓಡಿಸಲು ಸಿದ್ಧ ಮಾಡಿದ, ರೂಪವೂ ಕೂತಿರುತ್ತದೆ. ವರ್ಷಗಟ್ಟಲೆ ಬೇರೆ ಬೇರೆ ಆವೃತ್ತಿಯಲ್ಲಿ ತೆರೆದು ಮುಚ್ಚಿ ಅದು ಕೆಡುತ್ತದೆ. ರನ್ ಬಾಕ್ಸಿನಲ್ಲಿ ಆಕ್ಸೆಸ್ ಪ್ರೋಗ್ರಾಮಿನ ದಾರಿ, ಕಾಪಿ ಫೈಲಿನ ದಾರಿ, ಕೊನೆಗೆ ಓರೆಗೆರೆ ಹಾಕಿ 'ಡಿಕಂಪೈಲ್' ಅಂತ ಕೊಟ್ಟು, ಶಿಫ್ಟ್ ಹಿಡಿದುಕೊಂಡೇ ತೆರೆದೆ. ಆ ಹಳೇ ರೂಪ ಹೋಯಿತು. ಆಮೇಲೆ ಕಾಂಪ್ಯಾಕ್ಟ್, ಆಮೇಲೆ ವಿಬಿಎ ಕಿಟಕಿಯಲ್ಲಿ ಡೀಬಗ್ ಮೆನುವಿನ ಕಂಪೈಲ್. ಈ ಸಲ ಬೀಳುವ ಬದಲು ನಿಂತು ತಪ್ಪು ತೋರಿಸಿತು. ವಿಂಡೋಸಿನ ಕೆಲಸಗಳನ್ನು ಕರೆಯುವ 'ಡಿಕ್ಲೇರ್' ಸಾಲುಗಳಲ್ಲಿ 64 ಬಿಟ್‌ಗೆ ಬೇಕಾದ 'ಪಿಟಿಆರ್‌ಸೇಫ್' ಪದ ಇರಲಿಲ್ಲ. ಕೋಡಿಗೆ ಬೇಕಾದ ಹೊರಗಿನ ಭಾಗಗಳ 'ರೆಫರೆನ್ಸ್' ಪಟ್ಟಿಯಲ್ಲಿ, ದಿನ ಆರಿಸುವ ಕ್ಯಾಲೆಂಡರ್ ಕಂಟ್ರೋಲಿನ ಎದುರು 'ಮಿಸ್ಸಿಂಗ್' ಅಂತ ಇತ್ತು. ಆ ಕಂಟ್ರೋಲನ್ನು 2010ರಿಂದಲೇ ಆಕ್ಸೆಸ್ ಜೊತೆ ಕೊಡುತ್ತಿಲ್ಲ.

ಸಾಲುಗಳನ್ನು ತಿದ್ದಿದೆ. ಆದರೂ 'ಅಡಿಕೆ ಆವಕ' ಫಾರ್ಮ್ ತೆರೆದರೆ ಮತ್ತೆ ಬಿತ್ತು. ಡಿಸೈನ್‌ನಲ್ಲಿ ತೆರೆದರೂ ಅದೇ ಕಥೆ. ಕಡೆಗೆ 'ಸೇವ್‌ಆ್ಯಸ್‌ಟೆಕ್ಸ್ಟ್' ಅನ್ನುವ ಆಜ್ಞೆ ಬಳಸಿದೆ. ಇಡೀ ಫಾರ್ಮನ್ನು ಅದು ಬರೀ ಅಕ್ಷರದ ಫೈಲಾಗಿ ಹೊರಗೆ ಬರೆಯುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದು ಬಾಕ್ಸಿಗೂ ನಾಲ್ಕೈದು ಸಾಲು. ಅವುಗಳ ಮಧ್ಯೆ ಕ್ಯಾಲೆಂಡರಿನ ತುಂಡು. ಅದರ ಕೆಳಗೆ ಪುಟಗಟ್ಟಲೆ ಬರೀ ಅಂಕಿ ಅಕ್ಷರದ ಗೊಂಚಲು. 'ಬಿಗಿನ್' ಇಂದ 'ಎಂಡ್' ವರೆಗೆ ಅಷ್ಟನ್ನೂ ಹುಷಾರಾಗಿ ಅಳಿಸಿದೆ. ಹೊಸ ಖಾಲಿ ಡೇಟಾಬೇಸ್ ಮಾಡಿ, ಟೇಬಲ್, ಕ್ವೆರಿ, ಉಳಿದ ಫಾರ್ಮ್‌ಗಳನ್ನು ಅದಕ್ಕೆ ತಂದುಕೊಂಡು, ಈ ಫಾರ್ಮನ್ನು 'ಲೋಡ್‌ಫ್ರಮ್‌ಟೆಕ್ಸ್ಟ್' ಮೂಲಕ ಸೇರಿಸಿದೆ. ಫಾರ್ಮ್ ತೆರೆದು ನಿಂತಿತು! ಕ್ಯಾಲೆಂಡರಿನ ಜಾಗಕ್ಕೆ ತಾರೀಖಿನ ಬಾಕ್ಸ್ ಹಾಕಿದೆ. 2007ರಿಂದ ಈಚೆಗೆ ದಿನ ಆರಿಸುವ ಗುಂಡಿ ಅಲ್ಲೇ ಬರುತ್ತದೆ.

ಮೊದಲ ಫೈಲಿಗೆ ಹಳೇ ಆಕ್ಸೆಸ್ ಹುಡುಕುತ್ತಾ ಕೂರಲಿಲ್ಲ. ಅದರಲ್ಲಿ ಬೇಕಾದದ್ದು ಟೇಬಲ್‌ಗಳು ಮಾತ್ರ. ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ, ಅದರಲ್ಲಿ ಆಕ್ಸೆಸ್ ಇಲ್ಲದೆಯೇ ಈ ಫೈಲುಗಳನ್ನು ಓದುವ ಎಂಡಿಬಿಟೂಲ್ಸ್ ಇದೆ. ಪ್ರತಿ ಟೇಬಲನ್ನೂ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬಿಡಿಸಿದ ಬರೀ ಅಕ್ಷರದ ಫೈಲು) ಮಾಡಿ ತೆಗೆದೆ. ಇಲ್ಲಿ ಎರಡು ಕಡೆ ಕಣ್ಣಿಟ್ಟಿರಬೇಕು. ಮೊದಲನೆಯದು ತಾರೀಖು. ಎಂಡಿಬಿಟೂಲ್ಸ್ ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತದೆ. ಆಗಸ್ಟ್ 7 ಹೋಗಿ ಜುಲೈ 8 ಆದರೆ ಒಂದು ತಿಂಗಳ ಬಡ್ಡಿ ಒಬ್ಬ ಬೆಳೆಗಾರನ ತಲೆಗೆ ಸುಮ್ನೆ ಬೀಳುತ್ತದೆ, ಅಲ್ವಾ? ವರ್ಷ, ತಿಂಗಳು, ದಿನ ಅಂತ ರೂಪ ಹೇಳಿಯೇ ತೆಗೆಯಿರಿ.

ಎರಡನೆಯದು ಕನ್ನಡ. ಹೆಸರು, ಊರು ಎಲ್ಲ ನುಡಿ ಫಾಂಟಿನಲ್ಲಿದ್ದವು, ಯೂನಿಕೋಡ್ ಅಲ್ಲ. ಹೊರಗೆ ತೆಗೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿ ಕಂಡವು. ಅದು ಕೆಟ್ಟದ್ದಲ್ಲ, ಪರಿವರ್ತಕಕ್ಕೆ ಕೊಟ್ಟರೆ ಕನ್ನಡ ಬರುತ್ತದೆ. ನಾನು ಮೊದಲು ಹುಡುಕಿದ ಪದ 'ತೀರ್ಥಹಳ್ಳಿ'. ನುಡಿಯ ಹಳೇ ಅಕ್ಷರದಲ್ಲಿ ಅರ್ಕಾವತ್ತು ವ್ಯಂಜನದ ಆಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ಮುಂಚೆ. ಆ ಒಂದು ಪದದಲ್ಲಿ ಅರ್ಕಾವತ್ತೂ ಇದೆ, ಒತ್ತಕ್ಷರವೂ ಇದೆ. ಅದು ಸರಿಯಾಗಿ ಬಂದಿತ್ತು.

ಸಂಜೆ ಮಂಡಿಯ ರೈಟರ್ ಹಳೇ ಖಾತೆ ಪುಸ್ತಕ ತೆಗೆದು ಕೂತರು. ಅವರು ವರ್ಷದ ಮೊತ್ತ ಓದುವುದು, ನಾನು ತೆರೆಯ ಮೇಲಿನದು ಹೇಳುವುದು. 2004ರಲ್ಲಿ ಒಂದು ಕಡೆ ವ್ಯತ್ಯಾಸ ಬಂತು. ಇಬ್ಬರೂ ಗಾಬರಿಯಾದೆವು. ಆಮೇಲೆ ನೋಡಿದರೆ ಪುಸ್ತಕದಲ್ಲಿ ಪೆನ್ಸಿಲ್‌ನಲ್ಲಿ ತಿದ್ದಿದ್ದನ್ನು ಕಂಪ್ಯೂಟರಿಗೆ ಆಗಲೇ ಹಾಕಿರಲಿಲ್ಲ. ರೈಟರ್ ಅದನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡರು. ಉಳಿದ ವರ್ಷಗಳೆಲ್ಲ ಪೈಸೆಗೆ ಪೈಸೆ ತಾಳೆಯಾದವು. ಮೂಲ ಫೈಲುಗಳನ್ನು 'ರೀಡ್ ಓನ್ಲಿ' ಮಾಡಿ ಎರಡು ಪೆನ್‌ಡ್ರೈವಿಗೆ ಹಾಕಿದೆ. ಒಂದು ಮಂಡಿಯ ಬೀರುವಿನಲ್ಲಿದೆ, ಇನ್ನೊಂದು ಯಜಮಾನರ ಮನೆಯಲ್ಲಿ.