ಅಗಾಥಾ ಕ್ರಿಸ್ಟಿಯ ಯುದ್ಧಕಾಲದ ಮನೆ: ಲಾನ್ ರೋಡ್ ಫ್ಲಾಟ್ಸ್ ನೋಡುವ ಬಗೆ

ಉತ್ತರ ಲಂಡನ್ನಿನ ಲಾನ್ ರೋಡ್ ಫ್ಲಾಟ್ಸ್ ಎಂಬ ವಸತಿ ಕಟ್ಟಡದ ಮುಂದೆ ನಿಂತು ಒಂದು ಫೋಟೊ ತೆಗೆದು ಹೊರಟರೆ ಐದು ನಿಮಿಷದ ಕೆಲಸ. ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ಇಲ್ಲಿ ಹೇಗೆ ಬದುಕಿದರು, ಹೇಗೆ ಬರೆದರು ಎಂಬುದು ಕಣ್ಣಿಗೆ ಕಟ್ಟಬೇಕಾದರೆ ಅರ್ಧ ದಿನ ಬೇಕು, ಸ್ವಲ್ಪ ಓದೂ ಬೇಕು.

ಓದು ಮೊದಲು. 1977ರಲ್ಲಿ ಪ್ರಕಟವಾದ ಅವರ ಆತ್ಮಕಥೆಯಲ್ಲಿ ಎರಡನೇ ಮಹಾಯುದ್ಧದ ಭಾಗ ಚಿಕ್ಕದು, ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಎರಡು ಪ್ರಸಂಗಗಳಿಗೆ ಗುರುತು ಹಾಕಿಕೊಳ್ಳಿ. ಒಂದು, ಬಾಂಬ್ ದಾಳಿಯ ರಾತ್ರಿಗಳದ್ದು: ಒಡೆದ ಗಾಜು ಸಿಡಿಯದಂತೆ ಮುಖದ ಮೇಲೆ ದಿಂಬು, ಪಕ್ಕದ ಕುರ್ಚಿಯ ಮೇಲೆ ತುಪ್ಪಳದ ಕೋಟು ಮತ್ತು ರಬ್ಬರಿನ ಬಿಸಿನೀರಿನ ಚೀಲ. ಆ ಕಾಲದಲ್ಲಿ ರಬ್ಬರ್ ಚೀಲ ಹೋದರೆ ಇನ್ನೊಂದು ಸಿಗುತ್ತಿರಲಿಲ್ಲ. ಇನ್ನೊಂದು, 1945ರಲ್ಲಿ ಗಂಡ ಮ್ಯಾಕ್ಸ್ ಮ್ಯಾಲೋವನ್ ಉತ್ತರ ಆಫ್ರಿಕಾದಿಂದ ಮರಳಿದ ರಾತ್ರಿ. ಬಾಣಲೆಯಲ್ಲಿ ಕಿಪ್ಪರ್ ಮೀನು ಬೇಯುತ್ತಿದ್ದಾಗ ಹೊರಗೆ ಏನೋ ಲೋಹದ ಸದ್ದು. ಬಾಲ್ಕನಿಗೆ ಬಂದು ಕೆಳಗೆ ನೋಡಿದರೆ ಮೈತುಂಬ ಸಾಮಾನು ಹೇರಿಕೊಂಡು ಮೆಟ್ಟಿಲೇರುತ್ತಿದ್ದ ಗಂಡ.

ಈ ಎರಡನೇ ಪ್ರಸಂಗ ಓದಿದ್ದರೆ ಕಟ್ಟಡ ತಾನೇ ಅರ್ಥವಾಗುತ್ತದೆ. ಇಲ್ಲಿ ಒಳಗಿನ ಕಾರಿಡಾರ್ ಇಲ್ಲ. ಪ್ರತಿ ಮಹಡಿಗೂ ಹೊರಗೆ ಚಾಚಿಕೊಂಡ ಉದ್ದನೆಯ ಆರ್‌ಸಿಸಿ ಬಾಲ್ಕನಿ, ಮನೆಗಳ ಬಾಗಿಲು ತೆರೆಯುವುದೇ ಅದಕ್ಕೆ. ಆದ್ದರಿಂದ ಎದುರು ಫುಟ್‌ಪಾತಿನಲ್ಲಿ ನಿಂತು ಮೊದಲು ಮೆಟ್ಟಿಲಿನ ಗೋಪುರ ಹುಡುಕಿ, ಅಲ್ಲಿಂದ ಬಾಲ್ಕನಿಗಳ ಉದ್ದಕ್ಕೂ ಕಣ್ಣು ಹಾಯಿಸಿ. ಕ್ರಿಸ್ಟಿಗೆ ಇದು ಹಡಗಿನಂತೆ ಕಂಡಿತ್ತು, ಚಿಮಣಿಯೊಂದೇ ಬಾಕಿ. ವಾಸ್ತುಶಿಲ್ಪಿ ವೆಲ್ಸ್ ಕೋಟ್ಸ್, ಕಟ್ಟಿಸಿದವರು ಜ್ಯಾಕ್ ಮತ್ತು ಮಾಲಿ ಪ್ರಿಚರ್ಡ್ ದಂಪತಿ, ತೆರೆದದ್ದು 1934ರ ಜುಲೈಯಲ್ಲಿ. ಮನೆಗಳು ಬೇಕೆಂದೇ ಪುಟ್ಟವು. ಸ್ವಚ್ಛತೆ, ಬಟ್ಟೆ ಒಗೆತ, ಊಟ ಎಲ್ಲವನ್ನೂ ಕಟ್ಟಡವೇ ನೋಡಿಕೊಳ್ಳುವ ಯೋಜನೆ ಅದು. ಗಂಡ ದೂರ, ದಿನದ ಅರ್ಧ ಆಸ್ಪತ್ರೆಯ ಕೆಲಸ, ಉಳಿದರ್ಧ ಬರವಣಿಗೆ ಎಂಬ ಹೆಂಗಸಿಗೆ ಇದಕ್ಕಿಂತ ಅನುಕೂಲದ ಮನೆ ಸಿಗುವುದು ಕಷ್ಟವಿತ್ತು.

ಹೋಗುವ ದಿನ ಮುಖ್ಯ. ಮೇಲಿನ ಮನೆಗಳಲ್ಲಿ ಈಗಲೂ ಜನ ವಾಸವಿದ್ದಾರೆ, ಒಳಗೆ ಬಿಡುವುದಿಲ್ಲ, ಬೆಲ್ ಒತ್ತಬೇಡಿ. ನೋಡಲು ಸಿಗುವುದು ಹಳೆಯ ಗ್ಯಾರೇಜಿನಲ್ಲಿ 2014ರಲ್ಲಿ ತೆರೆದ, ಈ ಕಟ್ಟಡದ ಕಥೆ ಹೇಳುವ ಐಸೋಕಾನ್ ಗ್ಯಾಲರಿ. ಪ್ರವೇಶ ಉಚಿತ. ಆದರೆ ಮಾರ್ಚಿನಿಂದ ಅಕ್ಟೋಬರ್‌ವರೆಗೆ, ಅದೂ ಶನಿವಾರ, ಭಾನುವಾರ ಮಾತ್ರ, 11ರಿಂದ 4ರವರೆಗೆ. ಬುಧವಾರವೋ ಡಿಸೆಂಬರಿನಲ್ಲೋ ಹೋದರೆ ಮುಚ್ಚಿದ ಬಾಗಿಲೇ ಗತಿ. ಸಮಯ ಬದಲಾಗಿರಬಹುದು, ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ. ಇಳಿಯಬೇಕಾದದ್ದು ಲಂಡನ್ ಮೆಟ್ರೊದ ನಾರ್ದರ್ನ್ ಲೈನಿನ ಬೆಲ್‌ಸೈಜ್ ಪಾರ್ಕ್ ನಿಲ್ದಾಣದಲ್ಲಿ. ಅಲ್ಲಿಂದ ನಡೆದೇ ಹೋಗಬಹುದು. ದಾರಿಯಲ್ಲಿ ಡೌನ್‌ಸೈಡ್ ಕ್ರೆಸೆಂಟ್ ಬಳಿ ಕಿಟಕಿಯಿಲ್ಲದ ದುಂಡು ಕಾಂಕ್ರೀಟ್ ಕಟ್ಟಡ ಕಂಡರೆ ನಿಲ್ಲಿ: ಯುದ್ಧಕಾಲದಲ್ಲಿ ನೆಲದಾಳದಲ್ಲಿ ತೋಡಿದ ಆಶ್ರಯತಾಣದ ಬಾಯಿ ಅದು.

ಇಲ್ಲಿದ್ದ ಪ್ರಸಿದ್ಧರ ನೆನಪಿಗೆ ಗೋಡೆಯ ಮೇಲೆ ಹಾಕಿದ ನೀಲಿ ಫಲಕದಲ್ಲಿ ಕ್ರಿಸ್ಟಿ ಹೆಸರಿಲ್ಲವೆಂದು ಗಾಬರಿಯಾಗಬೇಡಿ. ಅದು ಇಲ್ಲಿ ಮೊದಲು ವಾಸವಿದ್ದ, ಜರ್ಮನಿಯ ಬೌಹೌಸ್ ವಿನ್ಯಾಸಶಾಲೆಯ ಗ್ರೋಪಿಯಸ್, ಬ್ರಾಯರ್, ಮೊಹೊಲಿ-ನಾಜ್ ಅವರದ್ದು. ಕ್ರಿಸ್ಟಿಯ ಫಲಕ ಇರುವುದು ಕೆನ್ಸಿಂಗ್ಟನ್‌ನ 58, ಶೆಫೀಲ್ಡ್ ಟೆರೇಸ್‌ನಲ್ಲಿ. ಇಲ್ಲಿಗೆ ಬರುವ ಮುನ್ನ ಅವರಿದ್ದ, ಬಾಂಬಿನಿಂದ ಜಖಂಗೊಂಡ ಮನೆ ಅದೇ. ಲಾನ್ ರೋಡಿನ ಫಲಕ ನೋಡಿಯೇ ಹುಟ್ಟುವ ತಪ್ಪೊಂದಿದೆ: ಬೌಹೌಸ್ ದಿಗ್ಗಜರ ಜೊತೆ ಕ್ರಿಸ್ಟಿ ಕೂತು ಹರಟಿದಂತೆ ಕಲ್ಪಿಸಿಕೊಳ್ಳುವುದು. ಆ ಮೂವರೂ 1937ರಲ್ಲೇ ಅಮೆರಿಕಕ್ಕೆ ಹೋಗಿದ್ದರು, ಕ್ರಿಸ್ಟಿ ಬಂದದ್ದು 1941ರಲ್ಲಿ. ಮುಂದೆ ಬ್ರಿಟಿಷ್ ಗುಪ್ತಚರ ಅಧಿಕಾರಿಯಾದ ಕಿಮ್ ಫಿಲ್ಬಿಯನ್ನು ಸೋವಿಯತ್ ಬೇಹುಗಾರಿಕೆಗೆ ಸೆಳೆದ ಆರ್ನಾಲ್ಡ್ ಡಾಯ್ಚ್ ಕೂಡ ಇಲ್ಲಿದ್ದವನೇ, ಆದರೆ ಅವನೂ ಆ ಹೊತ್ತಿಗೆ ಜಾಗ ಖಾಲಿ ಮಾಡಿದ್ದ. ಕ್ರಿಸ್ಟಿಯ ಬರವಣಿಗೆಯನ್ನು ನಿಜಕ್ಕೂ ತಿರುಗಿಸಿದ ನೆರೆಯವರು ಈಜಿಪ್ಟ್ ತಜ್ಞ ಸ್ಟೀಫನ್ ಗ್ಲ್ಯಾನ್‌ವಿಲ್. ಪ್ರಾಚೀನ ಈಜಿಪ್ಟಿನಲ್ಲಿ ಕೊಲೆಕಥೆ ಬರೆಯಿರಿ ಎಂದು ಬೆನ್ನು ಬಿದ್ದವರು ಅವರೇ.

ಮುಂದಿನ ನಿಲ್ದಾಣ ಕ್ರಿಸ್ಟಿ ಯುದ್ಧಕಾಲದಲ್ಲಿ ಕೆಲಸ ಮಾಡಿದ ಆಸ್ಪತ್ರೆ. ಬೆಲ್‌ಸೈಜ್ ಪಾರ್ಕಿನಲ್ಲಿ ಚಾರಿಂಗ್ ಕ್ರಾಸ್ ಮಾರ್ಗದ ರೈಲನ್ನೇ ಹತ್ತಿ ವಾರೆನ್ ಸ್ಟ್ರೀಟಿನಲ್ಲಿ ಇಳಿಯಿರಿ. ಬ್ಯಾಂಕ್ ಮಾರ್ಗದ್ದು ಅಲ್ಲಿಗೆ ಹೋಗುವುದಿಲ್ಲ. ಯೂಸ್ಟನ್ ರಸ್ತೆಯ ಹೊಸ ಗಾಜಿನ ಆಸ್ಪತ್ರೆ ನಿಮಗೆ ಬೇಕಾದ್ದಲ್ಲ. ಗೋವರ್ ಸ್ಟ್ರೀಟಿನ ಕೆಂಪು ಇಟ್ಟಿಗೆಯ, ಶಿಲುಬೆಯಾಕಾರದ ಕ್ರೂಸಿಫಾರ್ಮ್ ಕಟ್ಟಡವೇ ಹಳೆಯ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆ. ಅದರ ಔಷಧ ವಿಭಾಗದಲ್ಲಿ ಕ್ರಿಸ್ಟಿ ವಾರಕ್ಕೆ ಎರಡು ಪೂರ್ತಿ ದಿನ, ಮೂರು ಅರ್ಧ ದಿನ, ಶನಿವಾರ ಬಿಟ್ಟು ಶನಿವಾರ ಬೆಳಿಗ್ಗೆ ದುಡಿದರು. ವಿಷಗಳ ಲೆಕ್ಕ ಮೊದಲ ಮಹಾಯುದ್ಧದಲ್ಲೇ ಕಲಿತದ್ದು.

ಇನ್ನು ಈ ಮನೆಯಲ್ಲಿ ಬರೆದ ಪುಸ್ತಕಗಳ ಪಟ್ಟಿ ಮಾಡುವವರಿಗೆ ಎರಡು ಎಚ್ಚರಿಕೆ. ಮೊದಲನೆಯದು, ಅಮೆರಿಕದ ಮತ್ತು ಬ್ರಿಟನ್ನಿನ ಆವೃತ್ತಿಗಳ ಇಸವಿ ಬೇರೆಬೇರೆ: ಗ್ಲ್ಯಾನ್‌ವಿಲ್ ಬರೆಸಿದ ಆ ಈಜಿಪ್ಟ್ ಕಾದಂಬರಿ ಅಮೆರಿಕದಲ್ಲಿ 1944, ಬ್ರಿಟನ್ನಿನಲ್ಲಿ 1945. ಯಾವುದಾದರೂ ಒಂದು ಲೆಕ್ಕಕ್ಕೆ ಅಂಟಿಕೊಳ್ಳಿ. ಎರಡನೆಯದು, ಪ್ರಕಟಣೆಯ ವರ್ಷವೇ ಬರೆದ ವರ್ಷವಲ್ಲ. ಕ್ರಿಸ್ಟಿಯ ಪತ್ತೇದಾರ ಪ್ವಾರೊನ ಕೊನೆಯ ಕಥೆ ‘ಕರ್ಟನ್’ ಯುದ್ಧದ ದಿನಗಳಲ್ಲೇ ಬರೆದು ಭದ್ರವಾಗಿ ಎತ್ತಿಟ್ಟದ್ದು. ಓದುಗರ ಕೈಗೆ ಬಂದದ್ದು 1975ರಲ್ಲಿ.