ಗಾಯಕರ ಪದಬಂಧವನ್ನು ನಾನು ತೂಗಿ ನೋಡಿದ ಬಗೆ

ಯಾವುದಾದರೂ ಒಂದು ವಿಷಯವನ್ನು ಇಟ್ಟುಕೊಂಡು ರಚಿಸಿದ ಪದಬಂಧ ಪತ್ರಿಕೆಯಲ್ಲಿ ಬಂದಾಗ ನಾನು ಮೊದಲು ಪರೀಕ್ಷಿಸುವುದು ಆ ವಿಷಯಕ್ಕೆ ಸೇರಿದ ಪದಗಳನ್ನಲ್ಲ, ಅವುಗಳನ್ನು ಅಡ್ಡ ಹಾಯುವ ಸಾಮಾನ್ಯ ಪದಗಳನ್ನು. ಹೆಸರುಗಳನ್ನು ಯಾರು ಬೇಕಾದರೂ ಪಟ್ಟಿ ಮಾಡಬಹುದು; ಆ ಹೆಸರುಗಳು ಗೊತ್ತಿಲ್ಲದ ಓದುಗನಿಗೂ ಅವು ಒಲಿಯುವಂತೆ ಸುತ್ತಲಿನ ಮನೆಗಳನ್ನು ಕಟ್ಟುವುದರಲ್ಲಿ ರಚನಕಾರರ ಕಸುಬು ಕಾಣುತ್ತದೆ. ಕನ್ನಡದಲ್ಲಿ ಈ ಕೆಲಸ ಇನ್ನಷ್ಟು ಬಿಗಿಯಾದದ್ದು. ಇಂಗ್ಲಿಷ್ ಪದಬಂಧದ ಒಂದು ಮನೆಯಲ್ಲಿ 26 ಅಕ್ಷರಗಳ ಪೈಕಿ ಒಂದು ಕೂತರೆ ಸಾಕು, ನಮ್ಮಲ್ಲಾದರೋ ಕಾಗುಣಿತ, ಒತ್ತಕ್ಷರ, ಅನುಸ್ವಾರಗಳೆಲ್ಲ ಸೇರಿ ಒಂದೇ ಮನೆಯಲ್ಲಿ ಕೂರುವುದರಿಂದ, ಅಡ್ಡಪದ ಮತ್ತು ಉದ್ದಪದ ಎರಡಕ್ಕೂ ಅಚ್ಚುಕಟ್ಟಾಗಿ ಅದೇ ಅಕ್ಷರ ಒದಗಬೇಕು.

ನಾನು ಈಚೆಗೆ ವಿಮರ್ಶೆ ಬರೆದು ಕಳಿಸಿದ್ದು ಧಾರವಾಡ ಸೀಮೆಯ ಹಿಂದೂಸ್ತಾನಿ ಗಾಯಕರ ಮೇಲಿನ ಪದಬಂಧಕ್ಕೆ. ಗಂಗೂಬಾಯಿ ಹಾನಗಲ್ಲರ ಜನ್ಮದಿನವಾದ ಮಾರ್ಚ್ 5ರಂದು ಅದು ಪ್ರಕಟವಾಗಿತ್ತು. ಪೆನ್ಸಿಲ್ ಹಿಡಿಯುವ ಮುನ್ನ ಅದರ ಒಂದು ಝೆರಾಕ್ಸ್ ಪ್ರತಿಯನ್ನು ನಮ್ಮ ವೈನಿಗೆ, ಅಂದರೆ ಅತ್ತಿಗೆಗೆ, ಕೊಟ್ಟೆ. ಅವರು ಸಂಗೀತದ ಗೊಡವೆಗೆ ಹೋದವರಲ್ಲ, ಆದರೆ ಪದಬಂಧ ಬಿಡಿಸದೆ ಚಹಾ ಕುಡಿಯುವವರೂ ಅಲ್ಲ. ವಿಷಯ ತಿಳಿದ ನಾನು ಸಲೀಸಾಗಿ ದಾಟಿಹೋಗುವ ಕಡೆಯಲ್ಲಿ ಅವರು ಎಲ್ಲಿ ನಿಲ್ಲುತ್ತಾರೆ ಎಂಬುದು ನನಗೆ ಬಹಳ ಉಪಯೋಗಕ್ಕೆ ಬರುತ್ತದೆ. ನನ್ನ ಪ್ರತಿಯನ್ನು ನಿಘಂಟು ಮುಟ್ಟದೆ ತುಂಬಿಸಿ, ಒಂದೇ ಪದ ಹಾದುಹೋಗುವ ಮನೆಗಳಿಗೆಲ್ಲ ಕೆಂಪು ಗುರುತು ಹಾಕಿದೆ.

ವೈನಿ ನಿಂತದ್ದು ಸರಿಯಾಗಿ ಅಂಥದೇ ಒಂದು ಕೆಂಪು ಮನೆಯಲ್ಲಿ. 'ಮನಸೂರರ ಘರಾಣೆಯ ಎರಡನೆಯ ಊರು (3)' ಎಂಬ ಸುಳಿವಿಗೆ, ಗಾಯಕ ಮಲ್ಲಿಕಾರ್ಜುನ ಮನಸೂರರ ಜೈಪುರ-ಅತ್ರೌಲಿ ಘರಾಣೆಯ, ಅಂದರೆ ಗಾಯನ ಪರಂಪರೆಯ, ಅತ್ರೌಲಿ ಉತ್ತರ. ಅ, ಲಿ ಎರಡಕ್ಕೂ ಉದ್ದಪದಗಳ ಆಸರೆ ಇತ್ತು. ನಡುವಿನ ಮನೆಯ ಮೇಲೂ ಕೆಳಗೂ ಕಪ್ಪು ಮನೆಗಳು. "ಇದು ತ್ರೋನೋ ತ್ರೌನೋ ನಾ ಹ್ಯಾಂಗ ತಿಳೀಬೇಕ್ರಿ?" ಎಂದು ವೈನಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ತ್ರೌ ಇರುವ ಬಳಕೆಯ ಪದ ನಮ್ಮಲ್ಲಿ ಸಿಗುವುದೇ ಕಷ್ಟವಾದ್ದರಿಂದ ಅಲ್ಲಿ ಉದ್ದಪದ ಕೊಡುವುದು ರಚನಕಾರರಿಗೆ ಸಾಧ್ಯವಿರಲಿಲ್ಲ, ಒಪ್ಪುತ್ತೇನೆ. ಹಾಗಿದ್ದಾಗ ಪದವನ್ನೇ ಕೈಬಿಡಬೇಕು. ಮೂರಕ್ಷರದ ಕಿರಾಣಾ ಅಲ್ಲಿ ಸುಲಭವಾಗಿ ಕೂರುತ್ತಿತ್ತು, ಗಂಗೂಬಾಯಿ, ಭೀಮಸೇನ ಜೋಶಿ ಇಬ್ಬರಿಗೂ ಅದೇ ಘರಾಣೆ.

ಊರಿನ ಹೆಸರುಗಳ ಬರಹ ಇನ್ನೊಂದು ತೊಡಕು. ಮನ್ಸೂರ ಎಂದು ಬರೆದರೆ ಮೂರು ಮನೆ, ಮನಸೂರ ಎಂದರೆ ನಾಲ್ಕು. ಸುಳಿವಿನ ಕಂಸದಲ್ಲಿ 4 ಎಂದು ಕೊಟ್ಟಿದ್ದರಿಂದ ಅಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ಆದರೆ ಹಾನಗಲ್ಲ, ಹಾನಗಲ್ ಎರಡಕ್ಕೂ ನಾಲ್ಕೇ ಮನೆ. ಆದ್ದರಿಂದ ಕೊನೆಯ ಮನೆಯನ್ನು ಉದ್ದಪದವೇ ತೀರ್ಮಾನಿಸಬೇಕು, ಮತ್ತು ಈ ಪದಬಂಧದಲ್ಲಿ ಅದು ಸೈಕಲ್ ಎಂಬ ಪದದಿಂದ ತೀರ್ಮಾನವಾಗಿತ್ತು. ಅರ್ಧಾಕ್ಷರದಲ್ಲಿ ಮುಗಿಯುವ ಪದಕ್ಕೆ ಅರ್ಧಾಕ್ಷರದಲ್ಲಿ ಮುಗಿಯುವ ಇನ್ನೊಂದು ಪದವೇ ಜೊತೆಯಾಗಬೇಕಾಗುವುದರಿಂದ ಅಂಥ ಮೂಲೆಗಳಲ್ಲಿ ಇಂಗ್ಲಿಷ್ ಪದಗಳು ಬಂದು ಸೇರಿಕೊಳ್ಳುತ್ತವೆ. ತಪ್ಪೇನಲ್ಲ. ಆದರೂ ಹಾವೇರಿ ಜಿಲ್ಲೆಯ ನಮ್ಮ ಮಂದಿ ಹಾನಗಲ್ಲ ಎಂದೇ ಬರೆಯುವಾಗ, ಸೈಕಲ್ ಕೊಟ್ಟ ರಚನಕಾರರಿಗೆ ಬೆಲ್ಲ ಕೊಡುವುದು ಕಷ್ಟವೇನೂ ಆಗುತ್ತಿರಲಿಲ್ಲ.

ಸುಳಿವುಗಳಲ್ಲಿ 'ಹಿಂದೂಸ್ತಾನಿ ಗಾಯಕ (4)' ಎಂಬುದು ನನಗೆ ಎಲ್ಲಕ್ಕಿಂತ ಸಪ್ಪೆಯಾಗಿ ಕಂಡಿತು. ಭೀಮಸೇನ, ಮನಸೂರ, (ಬಸವರಾಜ) ರಾಜಗುರು ಮೂರೂ ಅದಕ್ಕೆ ಹೊಂದುತ್ತವೆ. ಉತ್ತರ ಭೀಮಸೇನ ಎಂದಿದ್ದುದರಿಂದ, 'ಗದೆ ಹಿಡಿದರೆ ಪಾಂಡವ, ತಂಬೂರಿಯ ಮುಂದೆ ಕುಳಿತರೆ ಪಂಡಿತ (4)' ಎಂದು ನನ್ನ ಕಡೆಯಿಂದ ಒಂದು ಸುಳಿವನ್ನು ಬರೆದು ಸೇರಿಸಿದೆ. ಬದಲಿ ಸೂಚಿಸದೆ ಹುಳುಕು ಮಾತ್ರ ತೋರಿಸುವ ವಿಮರ್ಶೆ ರಚನಕಾರರಿಗೆ ಏನೂ ಕೊಡುವುದಿಲ್ಲ. ಇನ್ನು ಗಂಧರ್ವದ ರ್ವ ಅಕ್ಷರದಲ್ಲಿ ಮುಗಿಯುವ ಎರಡಕ್ಷರದ ಉದ್ದಪದಕ್ಕೆ 'ಶಿವ' ಎಂಬ ಸುಳಿವು ಕೊಟ್ಟು ಶರ್ವ ಎಂಬ ಉತ್ತರ ಬೇಡಿದ್ದರು. ಅದರ ಮೊದಲ ಮನೆಗೆ ಬೇರೆ ಯಾವ ಪದದ ಹಂಗೂ ಇರಲಿಲ್ಲ. ಪರ್ವ, ಗರ್ವ, ಸರ್ವ ಎಲ್ಲವೂ ಕೈಯಳತೆಯಲ್ಲಿರುವಾಗ ನಿಘಂಟಿನ ತಳ ಕೆದಕುವುದು ಕಠಿಣತೆಯಲ್ಲ, ಅಲಕ್ಷ್ಯ.

ಮಲ್ಲಿಕಾರ್ಜುನ ಎಂಬ ಅಡ್ಡಪದವನ್ನು ಅರ್ಜುನ ಎಂಬ ಉದ್ದಪದ ರ್ಜು ಮನೆಯಲ್ಲಿ ಹಾದಿತ್ತು. ನನ್ನ ಜೊತೆ ಪದಬಂಧ ಚರ್ಚಿಸುವ ಗೆಳೆಯರು ಇದನ್ನು ಪುನರುಕ್ತಿ ಎಂದು ತಕರಾರು ಎತ್ತಿದರು, ಏಕೆಂದರೆ ಒಂದು ಹೆಸರೊಳಗೇ ಇನ್ನೊಂದು ಅಡಗಿದೆ. ನಾನು ಇಲ್ಲಿ ರಚನಕಾರರ ಪರ. ಗರ್ಜನೆ, ದುರ್ಜನ ತೆಗೆದುಕೊಂಡರೆ ರ್ಜ ಬರುತ್ತದೆ, ಖರ್ಜೂರದಲ್ಲಿ ರ್ಜೂ ಬರುತ್ತದೆ. ರ್ಜು ಬೇಕೆಂದರೆ ಅರ್ಜುನನ ಹೊರತು ಎಲ್ಲರೂ ಬಲ್ಲ ಪದ ನನಗಂತೂ ಹೊಳೆಯಲಿಲ್ಲ. ನಿಜವಾದ ಪುನರುಕ್ತಿ ಇದ್ದದ್ದು ಬೇರೆ ಕಡೆ. ಚೌಕವನ್ನು ತಲೆಕೆಳಗು ಮಾಡಿದರೂ ಕಪ್ಪು ಮನೆಗಳು ಅದೇ ಜಾಗದಲ್ಲಿ ಬರಬೇಕೆಂಬ ನಿಯಮವನ್ನು ರಚನಕಾರರು ಪಾಲಿಸಿದ್ದರು, ಹಾಗಾಗಿ ಮುಖ್ಯ ಪದಗಳು ಸಮ ಉದ್ದದ ಜೋಡಿಗಳಾಗಿ ಬರಬೇಕಿತ್ತು. ಮಲ್ಲಿಕಾರ್ಜುನನಿಗೆ ಬಸವರಾಜ ಜೋಡಿಯಾದದ್ದು ಚೆನ್ನಾಗಿತ್ತು. ಸವಾಯಿ ಗಂಧರ್ವರಿಗೆ ಮಾತ್ರ ಕುಮಾರ ಗಂಧರ್ವರನ್ನು ತಂದು ಜೋಡಿಸಿದ್ದರು. ಇಬ್ಬರದೂ ಆರು ಅಕ್ಷರ, ಕೊನೆಯ ಮೂರು ಅಕ್ಷರಗಳು ಒಂದೇ, ಆದ್ದರಿಂದ ಒಬ್ಬರು ಸಿಕ್ಕ ಕೂಡಲೇ ಇನ್ನೊಬ್ಬರ ಅರ್ಧ ಪುಕ್ಕಟೆಯಾಗಿ ಸಿಗುತ್ತದೆ. ಕುಂದಗೋಳದ ಸವಾಯಿ ಗಂಧರ್ವರ ಬಗ್ಗೆ ಯಾರ ತಕರಾರೂ ಇರಲಾರದು. ಆದರೆ ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ, ನೆಲೆಸಿದ್ದು ಮಧ್ಯಪ್ರದೇಶದ ದೇವಾಸದಲ್ಲಿ. ಸೀಮೆಯ ಗೆರೆಯನ್ನು ಅಷ್ಟು ಹಿಗ್ಗಿಸಿದ ಮೇಲೆ ಧಾರವಾಡ ಎಂಬ ಶೀರ್ಷಿಕೆಗೆ ಅರ್ಥವೇನು?

ಗದಗು ಈ ಪದಬಂಧದಿಂದ ಬಹುಮಟ್ಟಿಗೆ ಹೊರಗುಳಿದದ್ದು ನನಗೆ ಹೆಚ್ಚು ಖೇದ ತಂದ ಸಂಗತಿ. ಪಂಚಾಕ್ಷರ ಗವಾಯಿ ಎಂದರೆ ಏಳು ಅಕ್ಷರ, ಪುಟ್ಟರಾಜ ಗವಾಯಿ ಎಂದರೂ ಏಳು; ಗದಗಿನ ವೀರೇಶ್ವರ ಪುಣ್ಯಾಶ್ರಮದ ಈ ಗುರುಶಿಷ್ಯರನ್ನು ಎದುರುಬದುರು ಕೂರಿಸಬಹುದಾಗಿತ್ತು. ಗವಾಯಿ ಎಂಬ ಭಾಗ ಇಲ್ಲಿಯೂ ಮರುಕಳಿಸುತ್ತದೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ, ಆದರೆ ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳು ಪದಬಂಧದಲ್ಲಿ ಇದ್ದು ಗುರುಗಳು ಇಲ್ಲದಿರುವುದಕ್ಕಿಂತ ಆ ದೋಷ ಮೇಲು.

ಇಷ್ಟನ್ನೂ ಒಂದು ಹಾಳೆಗೆ ಇಳಿಸಿ ಪತ್ರಿಕೆಗೆ ಕಳಿಸಿದೆ. ಆರ್ಥರ್ ವಿನ್ ಎಂಬವರ ಪದಬಂಧ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಮೊದಲ ಬಾರಿಗೆ ಅಚ್ಚಾದದ್ದು 1913ರ ಡಿಸೆಂಬರ್ 21ರಂದು, ಗಂಗೂಬಾಯಿಯವರು ಹುಟ್ಟಿದ್ದೂ 1913ರಲ್ಲಿಯೇ. ಈ ಸಂಗತಿ ರಚನಕಾರರ ಕಣ್ಣಿಗೆ ಬೀಳದೆ ಹೋದದ್ದರಿಂದ, ಅವರ 'ಪ್ರಸಿದ್ಧ ಗಾಯಕಿ (4)' ಎಂಬ ಸುಳಿವಿಗೆ ಬದಲಾಗಿ 'ಪದಬಂಧ ಹುಟ್ಟಿದ ವರ್ಷವೇ ಧಾರವಾಡದಲ್ಲಿ ಹುಟ್ಟಿದ ಗಾಯಕಿ (4)' ಎಂದು ಹಾಳೆಯ ಅಡಿಯಲ್ಲಿ ಸೇರಿಸಿದೆ.